ನಲವತ್ತೆಂಟಕ್ಕೆ ಮತ್ತೆ ಸೈಕಲ್, ಯಾವ್ದು ತಗೊಳ್ಳೋದು?

ಸೈಕಲ್ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ ಅಂತ ಹೋದ ಸಂಚಿಕೇಲಿ ಬರೆದಿದ್ದೆ, ಅವತ್ತಿಂದ ಪತ್ರ, ಮೆಸೇಜು ಬರ್ತಾನೇ ಇವೆ. ಬರೆದೋರಲ್ಲಿ ಹೆಚ್ಚಿನೋರು ನಲವತ್ತು ದಾಟಿದೋರು, ಪಿಯುಸಿನೋ ಡಿಗ್ರಿನೋ ಮುಗಿಸಿ ಗಾಡಿ ತಗೊಂಡ ಮೇಲೆ ಸೈಕಲ್ ಮರೆತೋರು. ನಾನೂ 46ಕ್ಕೆ ಮತ್ತೆ ಹತ್ತಿದೋನೇ, ಈಗ ಒಂಬತ್ತು ವರ್ಷ ಆಯ್ತು, ಮೈಸೂರಿನ ಸುತ್ತಮುತ್ತ ವಾರಕ್ಕೆ ನಾಲ್ಕು ದಿನ ತುಳೀತೀನಿ. ಐದು ಪತ್ರ ಆರಿಸಿದೀನಿ, ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ವಯಸ್ಸು 48, ಎತ್ತರ 5 ಅಡಿ 7 ಇಂಚು, ತೂಕ 84 ಕೆಜಿ. ದಿನವಿಡೀ ಕೂತು ಮಾಡೋ ಕೆಲಸ. ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಇನ್ನೂ ಇಲ್ಲ, ವಾಕಿಂಗೋ ಸೈಕಲ್ಲೋ ಏನಾದ್ರೂ ಶುರು ಮಾಡಿ ಅಂದ್ರು ಡಾಕ್ಟ್ರು. ಸೈಕಲ್ ಮುಟ್ಟಿ 30 ವರ್ಷ ಆಗಿದೆ. ಅಂಗಡೀಲಿ ನಾಲ್ಕು ಇಂಚು ದಪ್ಪ ಟೈರಿಂದು ಒಂದು, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರೋದು ಒಂದು ತೋರಿಸಿದ್ರು, ಎರಡೂ 14 ಸಾವಿರದ ಆಸುಪಾಸು. ಮಗ ರೋಡ್ ಬೈಕ್ ತಗೋ ಅಪ್ಪಾ ಅಂತಾನೆ. 20 ಸಾವಿರದ ತನಕ ಹಾಕಬಹುದು. ಬೆಳಿಗ್ಗೆ ಕುಂದವಾಡ ಕೆರೆ ಕಡೆ ಹೋಗಿ ಬರೋಣ ಅಂತಿದೀನಿ. (ದಾವಣಗೆರೆ)

ಉತ್ತರ: ಅಂಗಡಿಯೋರು ತೋರಿಸಿದ ಎರಡೂ ಬೇಡ ಸರ್. ದಪ್ಪ ಟೈರಿನ ಸೈಕಲ್ ಹುಟ್ಟಿದ್ದೇ ಮರಳು, ಹಿಮದ ಮೇಲೆ ಓಡಿಸೋಕೆ, ನಮ್ಮ ಟಾರ್ ರಸ್ತೇಲಿ ಆ ಟೈರು ಬರೀ ಹಿಡ್ಕೊಂಡು ಎಳೆಯತ್ತೆ, ಸೈಕಲ್ಲೇ 18 ಕೆಜಿ ಮೇಲೆ ತೂಗತ್ತೆ. ಎರಡೂ ಕಡೆ ಸಸ್ಪೆನ್ಷನ್ ಇರೋದು ಈ ರೇಟಿಗೆ ಬರೀ ಸ್ಪ್ರಿಂಗು, ನೀವು ಪೆಡಲ್ ಒತ್ತಿದಾಗೆಲ್ಲ ಸೀಟು ಮೇಲೆ ಕೆಳಗೆ ಕುಣಿಯತ್ತೆ, ನಿಮ್ಮ ಶಕ್ತೀಲಿ ಒಂದು ಪಾಲು ಆ ಸ್ಪ್ರಿಂಗ್ ತಿಂದುಬಿಡತ್ತೆ. ನೋಡೋಕೆ ಗಟ್ಟಿಯಾಗಿ ಕಾಣತ್ತೆ ಅಂತಲೇ ನಮ್ಮ ವಯಸ್ಸಿನೋರು ಅದಕ್ಕೆ ಮನಸೋಲ್ತೀವಿ, ಎರಡು ವಾರ ತುಳಿದು ಅಯ್ಯೋ ನನ್ನ ಕೈಲಾಗಲ್ಲ ಅಂತ ಬಾಲ್ಕನೀಲಿ ನಿಲ್ಲಿಸ್ತೀವಿ, ಆಮೇಲೆ ಅದರ ಮೇಲೆ ಬಟ್ಟೆ ಒಣಗತ್ತೆ. ಕೈಲಾಗದೇ ಇರೋದು ನಿಮ್ಮದಲ್ಲ, ಆ ಸೈಕಲ್ಲಿಂದು. ಇದನ್ನ ನಾನು ಎಷ್ಟು ಮನೇಲಿ ನೋಡಿದೀನೋ, ಪ್ರತಿ ಸಲ ಸಂಕಟ ಆಗತ್ತೆ.

ಮಗ ಹೇಳೋ ರೋಡ್ ಬೈಕು ಒಳ್ಳೆ ಸೈಕಲ್ಲೇ, ಆದ್ರೆ ಈಗ್ಲೇ ಬೇಡ. ಬಗ್ಗಿ ಹಿಡಿಯೋ ಹ್ಯಾಂಡಲ್ಲು, 25ರಿಂದ 28 ಮಿಲಿಮೀಟರಿನ ಸಣ್ಣ ಟೈರು, 30 ವರ್ಷ ಕುರ್ಚೀಲಿ ಕೂತಿರೋ ಸೊಂಟ ಕುತ್ತಿಗೆಗೆ ಅದು ತಟ್ಟನೆ ಒಗ್ಗಲ್ಲ. ಎರಡು ವರ್ಷ ಬಿಟ್ಟು ಆಸೆ ಇದ್ರೆ ತಗೊಳ್ಳಿ, ಅಷ್ಟೊತ್ತಿಗೆ ಮಗನ ಜತೆ ರೇಸ್ ಬಿದ್ರೂ ಆಯ್ತು.

ನಿಮಗೆ ಬೇಕಾಗಿರೋದು ಹೈಬ್ರಿಡ್ ಅನ್ನೋ ಜಾತಿ. ನೇರ ಹ್ಯಾಂಡಲ್ಲು, 700ಸಿ ಅನ್ನೋ ಅಳತೆಯ ಚಕ್ರ, 35ರಿಂದ 42 ಮಿಲಿಮೀಟರ್ ಅಗಲದ ಟೈರು, ಮುಂದಿನ ಚಕ್ರ ಹಿಡಿದಿರೋ ಫೋರ್ಕು ಗಟ್ಟಿದು, ಅಂದ್ರೆ ಸಸ್ಪೆನ್ಷನ್ ಇಲ್ಲದ್ದು. ಹಳ್ಳ ಬಂದ್ರೆ ಸಸ್ಪೆನ್ಷನ್ ಬೇಡ್ವಾ ಅಂತ ಕೇಳ್ತೀರ, 40ರ ಟೈರಿಗೆ ಹದವಾಗಿ ಗಾಳಿ ಹಾಕಿದ್ರೆ ಆ ಗಾಳೀನೇ ಸಸ್ಪೆನ್ಷನ್ನು. ಕಡಿಮೆ ರೇಟಿನ ಸಸ್ಪೆನ್ಷನ್ ಫೋರ್ಕು ಒಂದು ಕೆಜಿ ಮೇಲೆ ಭಾರ ಸೇರಿಸತ್ತೆ, ವರ್ಷ ಕಳೆಯೋದ್ರಲ್ಲಿ ತುಕ್ಕು ಹಿಡಿದು ಅಲ್ಲಾಡೋದೂ ನಿಲ್ಲಿಸತ್ತೆ. ಅಲಾಯ್ ಫ್ರೇಮಿನ ಹೈಬ್ರಿಡ್ಡು 13, 14 ಕೆಜಿಗೆ ಸಿಗತ್ತೆ, ನಿಮ್ಮ ಬಜೆಟ್ ಒಳಗೇ ಬರತ್ತೆ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಬಿಲ್ಲಲ್ಲಿ ನೋಡ್ಕೊಳ್ಳಿ.

ಬ್ರಾಂಡ್ ಯಾವ್ದು ಅಂತ ಎಲ್ಲರೂ ಮೊದ್ಲು ಕೇಳ್ತಾರೆ, ನಾನು ಮೊದ್ಲು ಸೈಜು ಕೇಳ್ತೀನಿ. ಚಪ್ಪಲೀಗಾದ್ರೆ ನಂಬರ್ ನೋಡ್ತೀವಿ, ಸೈಕಲ್‌ಗೆ ಯಾಕೋ ನೋಡೋದೇ ಇಲ್ಲ. ನಿಮ್ಮ ಎತ್ತರಕ್ಕೆ ಸಾಮಾನ್ಯವಾಗಿ ಮೀಡಿಯಂ ಸರಿ ಹೋಗತ್ತೆ, ಅಂದ್ರೆ 17, 18 ಇಂಚಿನ ಫ್ರೇಮು, ಆದ್ರೆ ಕಂಪನಿಯಿಂದ ಕಂಪನಿಗೆ ಅಳತೆ ಬೇರೆ ಬೇರೆ, ಅದಕ್ಕೇ ಹತ್ತಿ ನೋಡ್ಲೇಬೇಕು. ಸೀಟಿಂದ ಇಳಿದು ಮುಂದೆ ಬಂದು ಬಾರಿನ ಆ ಕಡೆ ಈ ಕಡೆ ಒಂದೊಂದು ಕಾಲು ನೆಲಕ್ಕಿಟ್ಟು ನಿಂತ್ಕೊಳ್ಳಿ, ಬಾರಿಗೂ ತೊಡೆಸಂದಿಗೂ ನಡುವೆ ಒಂದೆರಡು ಇಂಚು ಜಾಗ ಇರ್ಬೇಕು. ಆಮೇಲೆ ಸೀಟಲ್ಲಿ ಕೂತು ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರ್ಬೇಕು, ತೋಳು ಪೂರ್ತಿ ಚಾಚಿ ಎಟುಕಿಸಿಕೊಳ್ಳೋ ಹಾಗಿದ್ರೆ ಆ ಫ್ರೇಮು ನಿಮಗೆ ಉದ್ದ ಆಯ್ತು.

84 ಕೆಜಿ ಅಂದ್ರಿ, ಅದಕ್ಕೆ ರಿಮ್ಮು ಡಬಲ್ ವಾಲ್, ಅಂದ್ರೆ ಎರಡು ಪದರದ ಅಲಾಯ್ ಇದೆಯಾ ಅಂತ ಕೇಳಿ. ಸಿಂಗಲ್ ವಾಲ್ ಆದ್ರೆ ಹಿಂದಿನ ಚಕ್ರ ಬೇಗ ಬೆಂಡ್ ಆಗತ್ತೆ, ಕಡ್ಡಿ ಮುರಿಯತ್ತೆ. ಗೇರು 21 ಇದ್ರೂ ಸರಿ, ಬರೀ 7 ಇದ್ರೂ ಸರಿ, ದಾವಣಗೆರೆ ಸಪಾಟು ಊರು. ಬ್ರೇಕು, ರಬ್ಬರಲ್ಲಿ ರಿಮ್ಮನ್ನ ಹಿಡಿಯೋ ವಿ ಬ್ರೇಕ್ ಸಾಕು, ರಬ್ಬರ್ ಬದಲಾಯಿಸೋಕೆ ನೂರಿನ್ನೂರು ರೂಪಾಯಿ, ಯಾವ ಸೈಕಲ್ ಶಾಪಲ್ಲಾದ್ರೂ ಆಗತ್ತೆ. ಬಜೆಟ್ಟಲ್ಲಿ ಎರಡೂವರೆ ಮೂರು ಸಾವಿರ ತೆಗೆದಿಟ್ಕೊಳ್ಳಿ, ಹೆಲ್ಮೆಟ್ಟು, ಹಿಂದೆ ಮುಂದೆ ಲೈಟು, ಬೀಗ, ಮೀಟರ್ ಇರೋ ಪಂಪು. ಪಂಪನ್ನ ಮರೀಬೇಡಿ, ಸೈಕಲ್ ಟ್ಯೂಬಲ್ಲಿ ಗಾಳಿ ತಾನಾಗೇ ಇಳೀತಾ ಇರತ್ತೆ, ವಾರಕ್ಕೊಂದ್ಸಲ ಹೊಡೀಬೇಕು, ಎಷ್ಟು ಅಂತ ಟೈರಿನ ಪಕ್ಕದಲ್ಲೇ ಬರೆದಿರತ್ತೆ. ವಾಲ್ವು ಸ್ಕೂಟರ್ ಥರದ್ದಾದ್ರೆ ಪೆಟ್ರೋಲ್ ಬಂಕಲ್ಲೂ ಗಾಳಿ ಹಿಡಿಯತ್ತೆ, ಸಣ್ಣ ಕಡ್ಡಿ ಥರದ್ದಾದ್ರೆ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಇಟ್ಕೊಳ್ಳಿ.

ಆನ್‌ಲೈನಲ್ಲಿ ಎರಡು ಸಾವಿರ ಕಡಿಮೆಗೆ ಸಿಗತ್ತಲ್ಲ ಅಂತ ಅನ್ನಿಸಬಹುದು. ನಾನು ಮೊದಲ ಸೈಕಲ್ ಹಾಗೇ ತರಿಸಿದ್ದೆ. ಡಬ್ಬೀಲಿ ಅರ್ಧ ಜೋಡಿಸಿ ಬಂತು, ಹತ್ತಿರದ ಒಂದು ಅಂಗಡೀಲಿ ಜೋಡಿಸಿಸಿದೆ. ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ ಇರತ್ತೆ, ಎಡಕ್ಕೆ ತಿರುಗಿಸಿ ಬಿಗಿ ಮಾಡ್ಬೇಕು, ಅಲ್ಲಿ ಹುಡುಗ ಬಲಗಡೆ ಪೆಡಲ್ಲನ್ನ ಎಡಗಡೆ ಇಟ್ಟು ಬಲಕ್ಕೆ ತಿರುಗಿಸಿ ಬಲವಂತವಾಗಿ ಕೂರಿಸಿಬಿಟ್ಟಿದ್ದ. ಹತ್ತನೇ ದಿನ ಶ್ರೀರಂಗಪಟ್ಟಣದಿಂದ ವಾಪಸ್ ಬರ್ತಾ ಪೆಡಲ್ಲು ಕಿತ್ತು ಕಾಲಡಿ ಬಿತ್ತು, ಪೆಡಲ್ ಕೂರೋ ಕ್ರ್ಯಾಂಕಿನ ಥ್ರೆಡ್ಡೆಲ್ಲ ಸವೆದು ಹೋಗಿತ್ತು, ಲಾರಿ ಹಿಂದೆ ಇರಲಿಲ್ಲ ಅನ್ನೋದೊಂದೇ ಪುಣ್ಯ. ಅದಕ್ಕೇ ಅಂಗಡೀಲೇ ಕೊಳ್ಳಿ ಅಂತೀನಿ, ತಿಂಗಳಿಗೆ ಮೊದಲ ಸರ್ವೀಸು ಅವರೇ ಮಾಡ್ಲಿ. ಹೊಸ ಸೈಕಲ್ಲಿನ ಬ್ರೇಕು, ಗೇರಿನ ವೈರು ಮೊದಲ ನೂರಿನ್ನೂರು ಕಿಲೋಮೀಟರಲ್ಲಿ ಸಡಿಲ ಆಗತ್ತೆ, ಕಡ್ಡಿಗಳೂ ಅಷ್ಟೆ, ಒಮ್ಮೆ ಬಿಗಿ ಮಾಡಿಸಿದ್ರೆ ಆಮೇಲೆ ವರ್ಷಗಟ್ಟಲೆ ತಲೆನೋವಿಲ್ಲ.

ಶುರು ಮಾಡೋದು ಹೇಗೆ ಅಂದ್ರೆ, ಮೊದಲ ವಾರ ದಿನ ಬಿಟ್ಟು ದಿನ, 20 ನಿಮಿಷ, ಅಷ್ಟೇ. ಕಿಲೋಮೀಟರ್ ಲೆಕ್ಕ ಬೇಡ. ತುಳೀತಾ ಪಕ್ಕದವರ ಹತ್ರ ಮಾತಾಡೋಕಾಗ್ಬೇಕು, ಎರಡು ಪದಕ್ಕೆ ಒಂದ್ಸಲ ಉಸಿರು ಎಳೆಯೋ ಹಾಗಾದ್ರೆ ನಿಧಾನ ಮಾಡಿ. ಎದೆ ಬಿಗಿ, ತಲೆ ಸುತ್ತು ಏನೇ ಬಂದ್ರೂ ಅಲ್ಲೇ ಇಳಿದುಬಿಡಿ, ಡಾಕ್ಟರಿಗೆ ಹೇಳಿ. ಮುಂದೆ ಎಂದಾದ್ರೂ ಶುಗರಿಗೆ ಮಾತ್ರೆ, ಇನ್ಸುಲಿನ್ ಶುರುವಾದ್ರೆ ಸೈಕಲ್ ತುಳೀತೀನಿ ಅಂತ ಡಾಕ್ಟರಿಗೆ ಹೇಳಲೇಬೇಕು, ಕೆಲವು ಮಾತ್ರೆ ತಗೊಂಡು ಖಾಲಿ ಹೊಟ್ಟೇಲಿ ತುಳಿದ್ರೆ ಶುಗರ್ ತೀರಾ ಇಳಿದುಬಿಡತ್ತೆ, ಆಗ ಜೇಬಲ್ಲಿ ಗ್ಲೂಕೋಸೋ ಬೆಲ್ಲದ ತುಂಡೋ ಇರ್ಬೇಕು. ಕೂರೋ ಜಾಗ ಎರಡು ಮೂರು ವಾರ ನೋಯತ್ತೆ, ಅದು ಸಹಜ, ಮೆತ್ತನೆ ಜೆಲ್ ಕವರ್ ತಂದು ಹಾಕಬೇಡಿ, ಅದು ಇನ್ನೂ ಒತ್ತತ್ತೆ, ಪ್ಯಾಡ್ ಇರೋ ಚಡ್ಡಿ ತಗೊಳ್ಳಿ. ಆದ್ರೆ ಮರಗಟ್ಟಿದ ಹಾಗಾದ್ರೆ ಅದು ಸಹಜ ಅಲ್ಲ, ಸೀಟಿನ ಮೂತಿ ಮೇಲಕ್ಕೆತ್ತಿದೆಯಾ ನೋಡಿ, ಸಮ ಮಾಡಿ.

ಪ್ರಶ್ನೆ: ನಂಗ 44 ವರ್ಷರೀ. ಮಗಾ ಹಾಸ್ಟೆಲ್‌ಗೆ ಹೋದ ಮ್ಯಾಲ ಅವನ ಸೈಕಲ್ ಖಾಲಿ ನಿಂತಿತ್ತು, ಉಣಕಲ್ ಕೆರಿ ಕಡೆ ದಿನಾ ಮುಂಜಾನೆ ಹೊಡೀಲಿಕ್ಕೆ ಶುರು ಮಾಡಿದೆ. ಎರಡು ವಾರದಾಗ ಮಣಕಾಲು ಮುಂದ ನೋಯಾಕ ಹತ್ತೇದ. ಮನ್ಯಾಗ ಎಲ್ಲಾರೂ ಈ ವಯಸ್ನ್ಯಾಗ ಯಾಕ ಬೇಕಿತ್ತು, ಬಿಡು ಅಂತಾರ. ಬಿಡೋ ಮನಸ್ಸಿಲ್ಲರೀ. (ಹುಬ್ಬಳ್ಳಿ)

ಉತ್ತರ: ಬಿಡಬೇಡಿ ಮೇಡಂ, ದಯವಿಟ್ಟು ಬಿಡಬೇಡಿ. ನಿಮ್ಮ ಸೀಟು ಕೆಳಗಿದೆ ಅಂತ ನೋಡದೇನೇ ಹೇಳಬಲ್ಲೆ, ಯಾಕಂದ್ರೆ ನಿಮ್ಮ ಹಾಗೇ ಮಂಡಿ ಮುಂಭಾಗ ನೋವು ಅಂತ ಬರೆದ ಬೇರೆ ಏಳು ಜನರಿಗೆ ವಾಪಸ್ ಫೋನ್ ಮಾಡಿ ಕೇಳಿದೆ, ಏಳೂ ಜನ ಸೀಟಲ್ಲಿ ಕೂತೇ ಎರಡೂ ಪಾದ ನೆಲಕ್ಕೆ ಊರೋ ಹಾಗೆ ಇಟ್ಕೊಂಡಿದ್ರು. ನಮಗೆಲ್ಲ ಚಿಕ್ಕಂದಿನಲ್ಲಿ ಹಾಗೇ ಕಲಿಸಿದ್ದು, ಅಪ್ಪನ ಸೈಕಲ್ಲಲ್ಲಿ ಒಳಪೆಡಲ್ ಹೊಡೆದು, ಆಮೇಲೆ ಬಾರ್ ಮೇಲೆ, ಕೊನೆಗೆ ಸೀಟು, ಕಾಲು ನೆಲಕ್ಕೆ ಸಿಕ್ಕಿದ್ರೇ ಧೈರ್ಯ. ಆ ಧೈರ್ಯವೇ ಈಗ ಮಂಡಿಗೆ ಶತ್ರು ಆಗಿದೆ. ಸೀಟು ಕೆಳಗಿದ್ರೆ ಮಂಡಿ ಪ್ರತಿ ಸುತ್ತಿಗೂ ಜಾಸ್ತಿ ಮಡಚತ್ತೆ, ಮಡಚಿದ ಮಂಡಿ ಮೇಲೆ ಒತ್ತಿದಾಗ ಮಂಡಿಚಿಪ್ಪು ಹಿಂದಿನ ಮೂಳೆಗೆ ಗಟ್ಟಿಯಾಗಿ ಅದುಮತ್ತೆ, ಗಂಟೆಗೆ ನಾಲ್ಕು ಸಾವಿರ ಸಲ ಹಾಗಾದ್ರೆ ಯಾವ ಮಂಡಿ ತಾಳತ್ತೆ ಹೇಳಿ.

ಅಳತೆ ಹೀಗೆ. ಗೋಡೆ ಪಕ್ಕ ಸೈಕಲ್ ನಿಲ್ಲಿಸಿ, ಗೋಡೆ ಹಿಡ್ಕೊಂಡು ಸೀಟಲ್ಲಿ ಕೂತ್ಕೊಳ್ಳಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ, ಅದರ ಮೇಲೆ ಹಿಮ್ಮಡಿ ಇಡಿ, ಸೊಂಟ ಓರೆ ಆಗದೆ ಕಾಲು ನೆಟ್ಟಗಾಗ್ಬೇಕು. ಅದು ನಿಮ್ಮ ಎತ್ತರ. ತುಳಿಯೋವಾಗ ಹಿಮ್ಮಡಿ ಅಲ್ಲ, ಪಾದದ ಮುಂಭಾಗ ಪೆಡಲ್ ಮೇಲಿರತ್ತೆ, ಆಗ ಮಂಡಿ ತಾನಾಗೇ ಚೂರು ಮಡಚಿರತ್ತೆ, ಅಷ್ಟೇ ಬೇಕಾಗಿರೋದು. ಒಂದೇ ದಿನ ಎತ್ತರಿಸಬೇಡಿ, ಎರಡು ಮೂರು ದಿನಕ್ಕೆ ಅರ್ಧ ಇಂಚಿನ ಹಾಗೆ ಏರಿಸಿ. ಮಂಡಿ ಹಿಂಭಾಗ ನೋಯೋಕೆ ಶುರುವಾದ್ರೆ ಜಾಸ್ತಿ ಆಯ್ತು ಅಂತ, ಚೂರು ಇಳಿಸಿ. ಮತ್ತೆ ನಿಲ್ಲೋದು ಹೇಗೆ ಅಂತೀರ, ಬ್ರೇಕ್ ಹಿಡೀತಾ ಸೀಟಿಂದ ಮುಂದಕ್ಕೆ ಜಾರಿ ಒಂದು ಕಾಲು ನೆಲಕ್ಕೆ, ಇನ್ನೊಂದು ಪೆಡಲ್ ಮೇಲೆ. ಖಾಲಿ ಮೈದಾನದಲ್ಲಿ ಹತ್ತು ಸಲ ಮಾಡಿದ್ರೆ ಕೈಕಾಲಿಗೆ ಅಭ್ಯಾಸ ಆಗತ್ತೆ. ಮಗ ನಿಮಗಿಂತ ತುಂಬಾ ಎತ್ತರ ಇದ್ದು ಫ್ರೇಮೇ ದೊಡ್ಡದು ಅಂದ್ರೆ ಮಾತ್ರ ಬೇರೆ ಸೈಕಲ್ ನೋಡ್ಬೇಕು, ಬಾರ್ ಕೆಳಗಿರೋ ಫ್ರೇಮು ಸಿಗತ್ತೆ, ಚೂಡಿದಾರಲ್ಲಿ ಹತ್ತಿ ಇಳಿಯೋಕೆ ಸಲೀಸು. ವೇಲು ಹಿಂದೆ ಗಂಟು ಹಾಕ್ಕೊಳ್ಳಿ, ಚೈನ್ ಕವರ್ ಇಲ್ಲದಿದ್ರೆ ಹಾಕಿಸಿ.

ಗೇರಿನ ವಿಷಯ ಇನ್ನೊಂದಿದೆ. ಗಟ್ಟಿ ಗೇರಲ್ಲಿ ನಿಧಾನಕ್ಕೆ ಒತ್ತಿ ಒತ್ತಿ ತುಳಿಯೋದು ವ್ಯಾಯಾಮ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಹಗುರ ಗೇರಿಗೆ ಹಾಕಿ ಬೇಗ ಬೇಗ ತುಳೀರಿ, ಬಲಗಾಲು 15 ಸೆಕೆಂಡಿಗೆ 18, 20 ಸಲ ಕೆಳಗೆ ಬರ್ಬೇಕು. ಉಸಿರು ಜೋರಾಗತ್ತೆ, ಮಂಡಿ ಉಳಿಯತ್ತೆ. ನೋವು ಇರೋವಷ್ಟು ದಿನ ಉಣಕಲ್ ಕಡೆ ಸಪಾಟು ರಸ್ತೇಲಿ 15 ನಿಮಿಷ ಮಾತ್ರ, ಮಂಡಿ ಊದಿದ್ರೆ ಅಥವಾ ಎರಡು ವಾರ ಕಳೆದ್ರೂ ಕಡಿಮೆ ಆಗದಿದ್ರೆ ಮೂಳೆ ಡಾಕ್ಟರಿಗೆ ತೋರಿಸಿ. ಮತ್ತೆ ಸೈಕಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಅದು ಎದೆಗೂ ಕಾಲಿಗೂ ಒಳ್ಳೇದು, ಮೂಳೆ ಗಟ್ಟಿಯಾಗೋಕೆ ಮೈಭಾರ ಕಾಲ ಮೇಲೆ ಬೀಳೋ ಕೆಲಸ ಬೇಕು, ವಾರಕ್ಕೆರಡು ದಿನ ನಡೀರಿ, ಮೆಟ್ಟಲು ಹತ್ತಿ. ಮನೆಯೋರಿಗೆ ಇದನ್ನ ಓದಿ ಹೇಳಿ.

ಪ್ರಶ್ನೆ: ನಮ್ದು ತೀರ್ಥಹಳ್ಳಿ ಹತ್ರ, ಅಡಿಕೆ ತೋಟ. ವಯಸ್ಸು 56. ಪೇಟೆಗೆ 6 ಕಿಲೋಮೀಟರ್, ದಾರಿ ತುಂಬಾ ಏರು ಇಳಿಜಾರು. ಗೇರ್ ಸೈಕಲ್ ತಗೊಂಡ್ರೆ ಹತ್ತತ್ತಾ, ಇಲ್ಲಾ ಬ್ಯಾಟರಿ ಸೈಕಲ್ಲೇ ತಗೊಳ್ಳೋದಾ? ಮಳೇಲಿ ಏನ್ ಕತೆ?

ಉತ್ತರ: ಹತ್ತತ್ತೆ, ಆದ್ರೆ 21 ಗೇರು ಅಂತ ಬರೆದಿರೋದು ನೋಡಿ ಕೊಳ್ಳಬೇಡಿ, ಹಲ್ಲು ಎಣಿಸಿ. ಮುಂದೆ ಪೆಡಲ್ ಪಕ್ಕದ ಹಲ್ಲುಚಕ್ರಗಳಲ್ಲಿ ಅತಿ ಚಿಕ್ಕದಕ್ಕೆ 28 ಹಲ್ಲು, ಹಿಂದಿನವುಗಳಲ್ಲಿ ಅತಿ ದೊಡ್ಡದಕ್ಕೆ 34 ಹಲ್ಲು ಇದ್ರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡು ಮೀಟರೂ ಮುಂದೆ ಹೋಗಲ್ಲ, ಅಷ್ಟು ಹಗುರ. ನಾವು ಹುಡುಗರಾಗಿ ಹೊಡೆದ ಕಪ್ಪು ಸೈಕಲ್ಲಲ್ಲಿ ಒಂದು ಸುತ್ತಿಗೆ ಐದು ಮೀಟರ್ ಮೇಲೆ ಹೋಗ್ತಿತ್ತು, ಅದಕ್ಕೇ ಆಗ ದಿಬ್ಬ ಬಂದ್ರೆ ಇಳಿದು ತಳ್ತಿದ್ವಿ. ಹಿಂದೆ 28 ಹಲ್ಲಿಂದೇ ಇದ್ದರೆ ನಿಮ್ಮ ಊರಿಗೆ ಸಾಲದು, 34ರದ್ದು ಹಾಕಿಸ್ಕೊಡಿ ಅಂತ ಕೊಳ್ಳೋವಾಗ್ಲೇ ಕೇಳಿ.

ಬ್ಯಾಟರಿ ಸೈಕಲ್ ಬಗ್ಗೆ ನನಗೆ ಯಾವ ತಕರಾರೂ ಇಲ್ಲ, ಅದರಲ್ಲೂ ಕಾಲು ಓಡ್ತಾನೇ ಇರತ್ತೆ, ಏರಲ್ಲಿ ಮಾತ್ರ ಮೋಟರು ಕೈ ಹಿಡಿದು ಎತ್ತತ್ತೆ. ಮೋಟರು 250 ವ್ಯಾಟ್ ಒಳಗೆ, ವೇಗ 25 ಕಿಲೋಮೀಟರ್ ಮೀರದ ಹಾಗಿದ್ರೆ ಲೈಸೆನ್ಸು ರಿಜಿಸ್ಟ್ರೇಷನ್ ಎರಡೂ ಬೇಡ. ತೊಂದ್ರೆ ಏನಂದ್ರೆ ತೂಕ, 20 ಕೆಜಿ ದಾಟತ್ತೆ, ದಾರೀಲಿ ಚಾರ್ಜ್ ಖಾಲಿ ಆದ್ರೆ ಆ ತೂಕ ಹೊತ್ತು ದಿಬ್ಬ ಹತ್ತೋದು ಕಷ್ಟ. ಮೊದ್ಲು ಯಾರದ್ದಾದ್ರೂ ಗೇರ್ ಸೈಕಲ್ ಇಸ್ಕೊಂಡು ಆ 6 ಕಿಲೋಮೀಟರ್ ಒಂದ್ಸಲ ಹೋಗಿ ಬನ್ನಿ. ಪೇಟೆಯಿಂದ ಸಾಮಾನು ಹೊತ್ತು ತರೋದಿದ್ರೆ, ಮಂಡೀಲಿ ಸವೆತ ಇದೆ ಅಂತ ಡಾಕ್ಟರ್ ಹೇಳಿದ್ರೆ, ಬ್ಯಾಟರೀದೇ ತಗೊಳ್ಳಿ, ತೆಗೆದು ಮನೆಯೊಳಗೆ ಚಾರ್ಜಿಗಿಡೋಕೆ ಬರೋ ಬ್ಯಾಟರಿ ಇರಲಿ.

ನಿಮ್ಮ ಮಳೆಗೆ ಡಿಸ್ಕ್ ಬ್ರೇಕೇ ಸರಿ, ಒದ್ದೆ ರಿಮ್ಮಲ್ಲಿ ರಬ್ಬರ್ ಬ್ರೇಕು ಹಿಡಿಯೋಕೆ ತಡ ಮಾಡತ್ತೆ. ಉದ್ದ ಮಡ್‌ಗಾರ್ಡ್ ಎರಡೂ ಕಡೆ ಹಾಕಿಸಿ, ಇಲ್ಲಾಂದ್ರೆ ಬೆನ್ನ ಮೇಲೆ ಕೆಸರಿನ ಗೆರೆ. ಚೈನಿಗೆ ತೆಂಗಿನೆಣ್ಣೆ, ಹಳೇ ಇಂಜಿನ್ ಆಯಿಲ್ ಏನೂ ಬೇಡ, ಒದ್ದೆಗೆ ಅಂತಲೇ ಸಿಗೋ ಚೈನ್ ಆಯಿಲ್ ಹಾಕಿ, ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೇಲಿ ಒರೆಸಿಬಿಡಿ, ಹೊರಗಡೆ ಎಣ್ಣೆ ಉಳಿದ್ರೆ ಮರಳು ಅಂಟತ್ತೆ.

ಪ್ರಶ್ನೆ: ಸೈಕಲ್ ತಗೊಂಡು ಒಂದು ತಿಂಗಳು, 51 ವರ್ಷ. ಆಫೀಸಿನ ಹುಡುಗ್ರು ಬರೋ ಭಾನುವಾರ ನಂದಿಬೆಟ್ಟಕ್ಕೆ ಕರೀತಿದಾರೆ. ಹೋಗ್ಲಾ? ಟ್ರಾಫಿಕ್ ಭಯಾನೂ ಇದೆ. (ಬೆಂಗಳೂರು)

ಉತ್ತರ: ಈ ಭಾನುವಾರ ಬೇಡ. ಹತ್ತೋದು ಕಷ್ಟ ಅಂತಲ್ಲ, ಸುಸ್ತಾದ್ರೆ ಇಳಿದು ನಿಂತ್ಕೊಳ್ಳಬಹುದು, ನನಗೆ ದಿಗಿಲು ಇಳಿಯೋದ್ರ ಬಗ್ಗೆ. ತಿರುವಿನ ಮೇಲೆ ತಿರುವು, ಏಳೆಂಟು ಕಿಲೋಮೀಟರ್ ಇಳಿಜಾರು, ಎದುರಿಂದ ಕಾರು. ಅದಕ್ಕೆ ಒಂದು ತಿಂಗಳ ಅಭ್ಯಾಸ ಸಾಲದು. ಮೊದ್ಲು ಚಿಕ್ಕ ದಿಬ್ಬದಲ್ಲಿ ಇಳಿಯೋದು ಕಲೀರಿ, ತಿರುವಿಗೆ ಮುಂಚೆನೇ ಬ್ರೇಕ್ ಹಿಡಿದು ವೇಗ ಇಳಿಸಬೇಕು, ತಿರುವಿನ ಒಳಗೆ ಅಲ್ಲ, ಎರಡೂ ಬ್ರೇಕು ಒತ್ತಿ ಬಿಟ್ಟು ಒತ್ತಿ ಬಿಟ್ಟು, ಒಂದೇ ಸಮ ಹಿಡಿದೇ ಇದ್ರೆ ರಿಮ್ಮು ಬಿಸಿಯಾಗತ್ತೆ. ಹುಡುಗ್ರಿಗೆ ಮೂರು ತಿಂಗಳು ಬಿಟ್ಟು ಬರ್ತೀನಿ ಅಂತ ಹೇಳಿ.

ಟ್ರಾಫಿಕ್ಕಿಗೆ, ಬೆಳಿಗ್ಗೆ ಐದೂವರೆಯಿಂದ ಏಳು ನಿಮ್ಮ ಟೈಮು. ಹಗಲಲ್ಲೂ ಹಿಂದಿನ ಕೆಂಪು ಲೈಟು ಉರೀತಾ ಇರಲಿ. ರಸ್ತೆ ಅಂಚಿಗೆ ತೀರಾ ಒತ್ತರಿಸಿ ಹೋಗ್ಬೇಡಿ, ಮೋರಿ ಜಾಲರಿ, ಜಲ್ಲಿ, ನಿಂತ ಕಾರಿನ ಬಾಗಿಲು ಎಲ್ಲ ಅಲ್ಲೇ ಇರೋದು, ಅಂಚಿಂದ ಎರಡು ಮೂರು ಅಡಿ ಒಳಗೆ ನೇರವಾಗಿ ಹೋಗಿ. ಹ್ಯಾಂಡಲ್ಲಿಗೆ ಪುಟ್ಟ ಕನ್ನಡಿ ಹಾಕಿಸಿ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಆ ಸುತ್ತಮುತ್ತ ರಸ್ತೆಗಳೂ ಆ ಹೊತ್ತಿಗೆ ಖಾಲಿ, ಕಬ್ಬನ್ ರೋಡ್, ವಿಧಾನಸೌಧದ ಮುಂದೆ ಎಲ್ಲ, ಭಯ ಕಳೆಯೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಾಯಿ ಅಟ್ಟಿಸಿಕೊಂಡು ಬಂದ್ರೆ ಜೋರಾಗಿ ತುಳಿಯಬೇಡಿ, ಇಳಿದು ಸೈಕಲ್ಲನ್ನ ಅದಕ್ಕೂ ನಿಮಗೂ ನಡುವೆ ಇಟ್ಕೊಂಡು ನಡೀರಿ, ಓಡೋದು ನಿಂತ್ರೆ ಹೆಚ್ಚಿನ ನಾಯಿಗಳು ಸುಮ್ಮನಾಗ್ತವೆ.

ಪ್ರಶ್ನೆ: ನಮ್ಮಪ್ಪನ ಅಟ್ಲಾಸ್ ಸೈಕಲ್ ಅಟ್ಟದ ಮ್ಯಾಲ ಐತ್ರೀ, ಅಪ್ಪ ತೀರಿ ಹನ್ನೊಂದು ವರ್ಷ ಆತು. ನಂಗೀಗ 50. ಹೊಸಾದು ತಗೊಳ್ಳೋ ಬದ್ಲಿ ಅದನ್ನ ರೆಡಿ ಮಾಡಿ ಹೊಡೀಬೇಕಂತ ಆಸೆ. ಆಗ್ತೈತೇನ್ರಿ? (ವಿಜಯಪುರ)

ಉತ್ತರ: ಆಗತ್ತೆ. ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಕಂಪನಿ ಅದು, ಸಾಹಿಬಾಬಾದಿನ ಅವರ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ಕ್ಕೆ, ಅವತ್ತು ವಿಶ್ವ ಸೈಕಲ್ ದಿನ. ಆದ್ರೆ ಆ ಕಪ್ಪು ಸೈಕಲ್ಲಿನ ಸಾಮಾನು ಎಲ್ಲ ಕಂಪನೀದೂ ಒಂದೇ ಅಳತೆ, 28 ಇಂಚು ಒಂದೂವರೆ ಟೈರು ಟ್ಯೂಬು ಇವತ್ತಿಗೂ ಹಳೇ ಸೈಕಲ್ ಶಾಪುಗಳಲ್ಲಿ ಸಿಗತ್ತೆ.

ಅಟ್ಟದಿಂದ ಇಳಿಸಿ ನೇರ ಗಾಳಿ ಹೊಡೆದು ಹತ್ತಬೇಡಿ. ಮೊದಲು ಫ್ರೇಮು, ಫೋರ್ಕು ಒರೆಸಿ ಬೆಸುಗೆ ಕಡೆ ಬಿರುಕಿದೆಯಾ ನೋಡಿಸಿ, ತುಕ್ಕು ಮೇಲ್ಮೇಲೆ ಇದ್ರೆ ಪರವಾಗಿಲ್ಲ. ಆಮೇಲೆ ಪೂರ್ತಿ ಓವರಾಯ್ಲಿಂಗ್, ಅಂದ್ರೆ ಚಕ್ರ, ಪೆಡಲ್ಲು, ಹ್ಯಾಂಡಲ್ಲು ಎಲ್ಲಾ ಕಡೆ ಬೇರಿಂಗ್ ಬಾಲ್ಸು ಬದಲಾಯಿಸಿ ಹೊಸ ಗ್ರೀಸು. ಟೈರು, ಟ್ಯೂಬು, ಚೈನು, ಫ್ರೀವೀಲು ಹೊಸದು. ಹಿಂದಿನ ಫ್ರೀವೀಲಿಗೆ ಈಗಿರೋದಕ್ಕಿಂತ ಎರಡು ಹಲ್ಲು ಜಾಸ್ತಿ ಇರೋದು ಹಾಕಿಸಿ, ಬಿಜಾಪುರದ ಸಪಾಟು ರಸ್ತೇಲೂ ಎದುರುಗಾಳಿ ಬಂದಾಗ ಆ ಎರಡು ಹಲ್ಲು ಮಂಡಿ ಕಾಯತ್ತೆ. ಲೆದರ್ ಸೀಟು ಒಣಗಿ ಬಿರಿದಿದ್ರೆ ಬದಲಾಯಿಸಿ, ಬಿರಿಯದೇ ಇದ್ರೆ ಉಳಿಸ್ಕೊಳ್ಳಿ, ಅಪ್ಪ ಕೂತ ಸೀಟು. ಎತ್ತರ ಮಾತ್ರ ಅಪ್ಪ ಇಟ್ಟಿದ್ದಲ್ಲ, ಹುಬ್ಬಳ್ಳಿಯವರಿಗೆ ಹೇಳಿದ ಹಾಗೆ ಹಿಮ್ಮಡಿ ಇಟ್ಟು ನೋಡಿ ನಿಮ್ಮದು ಮಾಡ್ಕೊಳ್ಳಿ.

ರಾಡ್ ಬ್ರೇಕಿನ ರಬ್ಬರ್ ನಾಲ್ಕೂ ಬದಲಾಯಿಸಿ, ಹನ್ನೊಂದು ವರ್ಷಕ್ಕೆ ಅದು ಕಲ್ಲಾಗಿರತ್ತೆ. ಹೊಸದು ಹಾಕಿದ ಮೇಲೂ ಆ ಬ್ರೇಕು ಈಗಿನ ಸೈಕಲ್ ಥರ ತಟ್ಟನೆ ನಿಲ್ಲಿಸಲ್ಲ, ಮೊದಲ ವಾರ ಖಾಲಿ ರಸ್ತೇಲಿ ಹೊಡೆದು ಎಷ್ಟು ದೂರಕ್ಕೆ ನಿಲ್ಲತ್ತೆ ಅಂತ ಕೈಗೆ ಅಂದಾಜು ಸಿಕ್ಕ ಮೇಲೆ ಪೇಟೆ ಕಡೆ ಹೋಗಿ. ರೆಡಿ ಆದ ದಿನ ಒಂದು ಫೋಟೋ ಕಳಿಸ್ರಿ.